ಮೇಜಿನ ಮೇಲೆ ಯಾರ ಸೈನ್ಯ? (9 ಭಾಗಗಳ ಸರಣಿ)

ಭಾಗ 1/9
ಫೋಟೋ: ಅಟ್ಟದಿಂದ ಇಳಿಸಿದ ಶೂ ಡಬ್ಬ. ಒಳಗೆ ಹತ್ತಿ, ಹತ್ತಿಯೊಳಗೆ ಹನ್ನೊಂದು ಸೈನಿಕರು.

ಇವರನ್ನ ನೋಡಿ ಮೂರು ವರ್ಷ ಆಗಿತ್ತು. ಸೆಕೆಂಡ್ ಪಿಯುಸಿ ಶುರುವಾದಾಗ ಅಮ್ಮ "ಇನ್ನು ಈ ಬೊಂಬೆ ಆಟ ಸಾಕು" ಅಂತ ಮೇಲಿಟ್ಟಿದ್ದು. ಈಗ ಡಿಗ್ರಿ ಎರಡನೇ ವರ್ಷ, ಇತಿಹಾಸ ಓದ್ತಿದೀನಿ. ಹೋದ ವಾರ ಡಬ್ಬ ಇಳಿಸಿದೆ. ಬಣ್ಣದ ಬಾಟಲಿಗಳೆಲ್ಲ ಒಣಗಿ ಕಲ್ಲಾಗಿವೆ. ಒಬ್ಬನ ಕೈ ಮುರಿದಿದೆ. ಆರು ಜನಕ್ಕೆ ಇನ್ನೂ ಬಣ್ಣವೇ ಹಚ್ಚಿಲ್ಲ, ಬೂದು ಬಣ್ಣದಲ್ಲೇ ನಿಂತಿದಾರೆ.

ಗೊತ್ತಿಲ್ಲದವರಿಗೆ ಒಂದು ಮಾತು. ಮಿನಿಯೇಚರ್ ವಾರ್‌ಗೇಮ್ ಅಂದ್ರೆ ಮೊಬೈಲ್ ಗೇಮ್ ಅಲ್ಲ. ಊಟದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಪುಸ್ತಕ ಇಟ್ಟು ಗುಡ್ಡ ಮಾಡಿ, ಹೆಬ್ಬೆರಳಿಗಿಂತ ಚಿಕ್ಕ ಸೈನಿಕರನ್ನ ನಿಲ್ಲಿಸಿ ಆಡೋ ಆಟ. ಟೈಲರ್ ಟೇಪಿನಲ್ಲಿ ಅಳೆದು ನಡೆಸಬೇಕು. ದಾಳ ಉರುಳಿಸಿ ಗುಂಡು ತಾಗಿತಾ ಇಲ್ವಾ ನೋಡಬೇಕು. ಪ್ರತಿ ಬೊಂಬೆಗೂ ನೀವೇ ಬಣ್ಣ ಹಚ್ಚಬೇಕು. ಒಂದು ಸೈನ್ಯ ತಯಾರಾಗೋಕೆ ತಿಂಗಳುಗಟ್ಟಲೆ ಬೇಕು. ಅದಕ್ಕೇ ಈ ಆಟಕ್ಕೆ ಬರೋ ಎಲ್ಲರಿಗೂ, ಬಿಟ್ಟು ವಾಪಸ್ ಬರೋರಿಗೂ, ಮೊದಲ ಪ್ರಶ್ನೆ ಒಂದೇ: ಯಾವ ಸೈನ್ಯ?

ನಂಗೆ ಈ ಆಟ ಕಲಿಸಿದ್ದು ದೊಡ್ಡಪ್ಪನ ಮಗ ಅಣ್ಣ. ಆದರೆ ನನ್ನ ಮೊದಲ ಸೈನ್ಯ ಅವನದ್ದಲ್ಲ, ಅಜ್ಜಿಯದ್ದು. ಮೈಸೂರಿನ ಮನೆಗಳಲ್ಲಿ ದಸರಾಗೆ ಬೊಂಬೆ ಕೂರಿಸ್ತಾರಲ್ವಾ? ನಮ್ಮಜ್ಜಿ ಹತ್ರ ಜಂಬೂ ಸವಾರಿಯ ಸೆಟ್ ಇದೆ. ಅಂಬಾರಿ ಆನೆ, ಕುದುರೆ ಸವಾರರು, ಕಾಲಾಳು, ಬ್ಯಾಂಡಿನೋರು. ನಾನು ನಾಲ್ಕನೇ ಕ್ಲಾಸಲ್ಲಿ ಅವರನ್ನೆಲ್ಲ ಎದುರುಬದುರು ನಿಲ್ಲಿಸಿ ಯುದ್ಧ ಮಾಡಿಸಿ ಏಟು ತಿಂದಿದ್ದೆ.

ಈ ಸಲ ಸೈನ್ಯ ಆರಿಸೋಕೆ ಹೊರಟವಳು ಎಲ್ಲೆಲ್ಲಿಗೋ ಹೋಗಿ ಬಂದೆ. ಆ ಕಥೆನೇ ಈ ಒಂಬತ್ತು ಪೋಸ್ಟು. ಉದ್ದ ಇದೆ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಭಾಗ 2/9
ಫೋಟೋ: ನಮ್ಮನೆ ಚೆಸ್ ಬೋರ್ಡ್. ಒಂದು ರಥ ಕಳೆದುಹೋಗಿದೆ, ಅದರ ಜಾಗದಲ್ಲಿ ಎರೇಸರ್.

ಚೆಸ್‌ಗೆ ಕನ್ನಡದಲ್ಲಿ ಏನಂತೀವಿ? ಚದುರಂಗ. ಆ ಪದವನ್ನ ಒಂದ್ಸಲ ಬಿಡಿಸಿ ನೋಡಿ. ಚತುರಂಗ, ಅಂದರೆ ನಾಲ್ಕು ಅಂಗ. ರಥ, ಆನೆ, ಕುದುರೆ, ಕಾಲಾಳು. ಹಳೇ ಭಾರತದ ಸೈನ್ಯಕ್ಕೇ ಆ ಹೆಸರು. ಇಲ್ಲಿ ಹುಟ್ಟಿದ ಆ ಆಟ ಪರ್ಷಿಯಾಕ್ಕೆ ಹೋಯ್ತು, ಅರಬರ ಕೈಗೆ ಸಿಕ್ಕಿತು, ಅಲ್ಲಿಂದ ಯುರೋಪ್ ಸೇರಿತು. ಹೋಗ್ತಾ ಹೋಗ್ತಾ ವೇಷ ಬದಲಾಯ್ತು. ಮಂತ್ರಿ ರಾಣಿಯಾದ. ಆನೆ ಬಿಷಪ್ ಆಯ್ತು!

ಯುರೋಪಿನಲ್ಲಿ ಕೆಲವರಿಗೆ ಚೆಸ್ ಸಾಕಾಗಲಿಲ್ಲ. ನಿಜವಾದ ಯುದ್ಧದಲ್ಲಿ ನೆಲ ಒಂದೇ ಸಮ ಇರಲ್ಲ. ನದಿ ಅಡ್ಡ ಬರುತ್ತೆ, ಕಾಡು ಬರುತ್ತೆ, ತೋಪು ದೂರದಿಂದ ಹೊಡೆಯುತ್ತೆ. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಯೋಹಾನ್ ಹೆಲ್ವಿಗ್ ಅಂತ ಒಬ್ಬ ಗಣಿತದ ಮೇಷ್ಟ್ರು ಇದ್ದರು. ಕೀಟಗಳ ಅಧ್ಯಯನನೂ ಮಾಡ್ತಿದ್ದರು. ಅವರು ಚೆಸ್ ಬೋರ್ಡನ್ನ ಹಿಗ್ಗಿಸಿ ಸಾವಿರಕ್ಕೂ ಹೆಚ್ಚು ಮನೆಗಳ ಹಲಗೆ ಮಾಡಿದರು. ಮನೆಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು ಇದು ಬೆಟ್ಟ, ಇದು ನೀರು, ಇದು ಜೌಗು ಅಂದರು. ಚೆಸ್ ಕಾಯಿಗಳ ಜಾಗಕ್ಕೆ ಕಾಲಾಳು, ಕುದುರೆ, ತೋಪು ಬಂದವು. ಚತುರಂಗ ಸುತ್ತಿ ಬಳಸಿ ಮತ್ತೆ ಸೈನ್ಯವಾಯ್ತು ನೋಡಿ.

ಹೆಲ್ವಿಗ್ ಆ ಪುಸ್ತಕ ಪ್ರಕಟಿಸಿದ್ದು 1780ರಲ್ಲಿ. ಈ ಇಸವಿ ನೆನಪಿಟ್ಕೊಳ್ಳಿ. ಅದೇ ವರ್ಷ ಸೆಪ್ಟೆಂಬರಲ್ಲಿ ಕಾಂಚೀಪುರದ ಹತ್ತಿರ ಒಂದು ಹಳ್ಳಿಯಲ್ಲಿ ನಿಜವಾದ ಕಾಲಾಳು, ನಿಜವಾದ ಕುದುರೆ, ನಿಜವಾದ ತೋಪು ಎದುರಾದವು. ಅಲ್ಲಿಗೆ ಆರನೇ ಭಾಗದಲ್ಲಿ ಬರೋಣ.

ಭಾಗ 3/9
ಫೋಟೋ: ನಾನು ಕೈಯಲ್ಲಿ ಬರೆದ ನಕ್ಷೆ. ಕೆಂಪು ಚೌಕ, ನೀಲಿ ಚೌಕ.

ನೀವು ಸಿನಿಮಾದಲ್ಲಿ ನೋಡಿರ್ತೀರ, ಮಿಲಿಟರಿ ಮ್ಯಾಪಲ್ಲಿ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ. ಆ ಎರಡು ಬಣ್ಣದ ಹಿಂದೆ ಅಪ್ಪ ಮಗನ ಕಥೆ ಇದೆ.

ಪ್ರಷ್ಯಾದ ಬ್ಯಾರನ್ ಫಾನ್ ರೈಸ್ವಿಟ್ಜ್ 1812ರಲ್ಲಿ ತನ್ನ ರಾಜನಿಗೆ ಒಂದು ದೊಡ್ಡ ಮೇಜು ಮಾಡಿಕೊಟ್ಟ. ಬೆಟ್ಟ, ನದಿ, ರಸ್ತೆ ಇರೋ ಬಿಡಿ ಬಿಡಿ ಹಲಗೆಗಳು. ಹೇಗೆ ಬೇಕಾದ್ರೂ ಜೋಡಿಸಿ ಹೊಸ ರಣರಂಗ ಮಾಡ್ಕೋಬಹುದು. ಅವನ ಮಗ ಫಿರಂಗಿ ದಳದಲ್ಲಿ ಅಧಿಕಾರಿ. ಮೇಜು ಚೆನ್ನಾಗಿದೆ, ಆದ್ರೆ ಊರೂರಿಗೆ ಹೊತ್ಕೊಂಡು ಹೋಗೋಕೆ ಆಗಲ್ವಲ್ಲ? ಮಗ ಮೇಜು ಬಿಟ್ಟು ಕಾಗದದ ನಕ್ಷೆ ತಗೊಂಡ. 1824ರಲ್ಲಿ ನಿಯಮಗಳ ಪುಸ್ತಕ ತಂದ. ಆಟದ ಹೆಸರು ಕ್ರೀಗ್ಸ್‌ಶ್ಪೀಲ್, ಅಂದ್ರೆ ಯುದ್ಧದಾಟ.

ಅದರಲ್ಲಿ ಮೂರು ವಿಷಯ ನಂಗೆ ತುಂಬಾ ಹಿಡಿಸಿದವು.
ಒಂದು, ದಾಳ. ಎಷ್ಟೇ ಜಾಣ ಸೇನಾಪತಿ ಆದ್ರೂ ಅದೃಷ್ಟ ಕೈಕೊಡಬಹುದು ಅನ್ನೋದನ್ನ ಲೆಕ್ಕದೊಳಗೇ ತಂದರು.
ಎರಡು, ಮರೆ. ಎದುರಾಳಿಯ ತುಕಡಿ ನಿಮಗೆ ಕಾಣೋ ಜಾಗದಲ್ಲಿದ್ರೆ ಮಾತ್ರ ನಕ್ಷೆ ಮೇಲೆ ಇಡ್ತಾರೆ.
ಮೂರು, ತೀರ್ಪುಗಾರ. ಯಾವ ಪಕ್ಷಕ್ಕೂ ಸೇರದ ಒಬ್ಬ ವ್ಯಕ್ತಿ. ಆಟಗಾರರು ಅವನಿಗೆ ಆಜ್ಞೆ ಕೊಡ್ತಾರೆ, ಏನಾಯ್ತು ಅಂತ ಅವನು ಹೇಳ್ತಾನೆ. ಇಡೀ ಸತ್ಯ ಗೊತ್ತಿರೋದು ಅವನೊಬ್ಬನಿಗೆ.

ಪ್ರಷ್ಯಾದ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಈ ಆಟ ನೋಡಿ, ಇದು ಆಟವಲ್ಲ, ತರಬೇತಿ ಅಂತ ಮೆಚ್ಚಿದನಂತೆ. ಆಮೇಲೆ ಪ್ರಷ್ಯಾ 1866ರಲ್ಲಿ ಆಸ್ಟ್ರಿಯಾವನ್ನ, 1870ರಲ್ಲಿ ಫ್ರಾನ್ಸನ್ನ ಸೋಲಿಸಿದಾಗ ಬೇರೆ ದೇಶಗಳ ಸೈನ್ಯಗಳೂ ಈ ಆಟಕ್ಕೆ ಬಿದ್ದವು.

"ಇದು ಹುಡುಗರ ಆಟ" ಅಂತ ನಂಗೆ ಹೇಳಿದ ಅಣ್ಣನಿಗೆ ಇಲ್ಲೇ ಒಂದು ಉತ್ತರ. 1942ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಕಾಟ ತಡೆಯೋಕೆ ಗಿಲ್ಬರ್ಟ್ ರಾಬರ್ಟ್ಸ್ ಅನ್ನೋ ಅಧಿಕಾರಿ ನೆಲದ ಮೇಲೆ ಸಮುದ್ರದ ನಕ್ಷೆ ಬರೆಸಿ ಆಟ ಆಡಿಸಿದರು. ಆಡಿಸಿದವರಲ್ಲಿ ಹೆಚ್ಚಿನವರು ನೌಕಾದಳದ ಮಹಿಳಾ ವಿಭಾಗದ ಹುಡುಗಿಯರು, ನಮ್ಮದೇ ವಯಸ್ಸಿನವರು. ಜೀನ್ ಲೇಡ್ಲಾ, ಜ್ಯಾನೆಟ್ ಓಕೆಲ್ ಅವರಲ್ಲಿಬ್ಬರು. ಆ ಆಟದಿಂದ ಹೊರಟ ತಂತ್ರಗಳನ್ನ ನಿಜವಾದ ಹಡಗುಗಳು ಬಳಸಿದವು. ಆ ಆಟದಲ್ಲಿ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಓಕೆಲ್ ಎದುರು ಸೋತರು. ಅದೂ ಒಂದ್ಸಲ ಅಲ್ಲ, ಮತ್ತೆ ಮತ್ತೆ. 😌

ಭಾಗ 4/9
ಫೋಟೋ: ಅಜ್ಜಿಯ ಜಂಬೂ ಸವಾರಿ ಸೆಟ್. ಮುಟ್ಟೋಕೆ ಪರ್ಮಿಷನ್ ತಗೊಂಡಿದೀನಿ.

ಕ್ರೀಗ್ಸ್‌ಶ್ಪೀಲ್ ಅಧಿಕಾರಿಗಳ ಆಟ. ಮನೆಮಂದಿಯ ಆಟ ಆಗಿದ್ದು ಹೇಗೆ? ಬೊಂಬೆ ಅಗ್ಗವಾದ ಮೇಲೆ.

1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ ಸೀಸದ ಸೈನಿಕರನ್ನ ಒಳಗೆ ಟೊಳ್ಳಾಗಿ ಎರಕ ಹೊಯ್ಯೋ ವಿಧಾನ ಕಂಡುಹಿಡಿಯಿತು. ಸೀಸ ಕಡಿಮೆ, ತೂಕ ಕಡಿಮೆ, ಬೆಲೆ ಕಡಿಮೆ. ಅಲ್ಲಿನ ಮಧ್ಯಮ ವರ್ಗದ ಮನೆಗಳಲ್ಲೆಲ್ಲ ಪುಟಾಣಿ ಸೈನ್ಯಗಳು ಬಂದವು.

ಆ ಬೊಂಬೆಗಳ ಜೊತೆ ನೆಲದ ಮೇಲೆ ಮಂಡಿಯೂರಿ ಕೂತ ಒಬ್ಬ ದೊಡ್ಡ ಮನುಷ್ಯ ಎಚ್. ಜಿ. ವೆಲ್ಸ್. ಟೈಮ್ ಮೆಷಿನ್ ಬರೆದವರು, ಅವರೇ. 1913ರಲ್ಲಿ 'ಲಿಟಲ್ ವಾರ್ಸ್' ಅಂತ ಪುಸ್ತಕ ಬರೆದರು. ಸ್ಪ್ರಿಂಗ್ ಇರೋ ಆಟದ ತೋಪಿನಿಂದ ಚಿಕ್ಕ ಮರದ ತುಂಡು ಹಾರಿಸಿ ಎದುರಿನ ಬೊಂಬೆ ಬೀಳಿಸೋದು. ಬಿದ್ದವನು ಸತ್ತ. ಪುಸ್ತಕದ ಹೆಸರಿನ ಕೆಳಗೇ ಇದು ಹುಡುಗರ ಆಟ, ಸ್ವಲ್ಪ ಬುದ್ಧಿ ಜಾಸ್ತಿ ಇರೋ ಹುಡುಗಿಯರೂ ಆಡಬಹುದು ಅನ್ನೋ ಅರ್ಥದ ಮಾತಿದೆ. ತುಂಬಾ ಥ್ಯಾಂಕ್ಸ್ ಸರ್.

ಆದರೆ ಪುಸ್ತಕದ ಕೊನೆಗೆ ವೆಲ್ಸ್ ಗಂಭೀರವಾಗ್ತಾರೆ. ಯುದ್ಧ ಬೇಕು ಬೇಕು ಅನ್ನೋರನ್ನೆಲ್ಲ ಒಂದು ಕೋಣೆಗೆ ಕರೆದು ಈ ಬೊಂಬೆ ಕೊಡಿ, ಅಲ್ಲೇ ಹೊಡೆದಾಡ್ಕೊಳ್ಳಲಿ, ನಿಜವಾದ ಯುದ್ಧ ಮನುಷ್ಯರ ಕೈಗೆ ಮೀರಿದ ದಡ್ಡತನ ಅನ್ನೋದು ಅವರ ವಾದ. ಮುಂದಿನ ವರ್ಷವೇ, 1914ರ ಬೇಸಿಗೆಯಲ್ಲಿ, ಮೊದಲ ಮಹಾಯುದ್ಧ ಶುರುವಾಯ್ತು. ಇನ್ನೂ ಬೇಜಾರಿನ ವಿಷಯ ಅಂದ್ರೆ ಅದೇ ವೆಲ್ಸ್ ಆ ಯುದ್ಧದ ಪರ ನಿಂತರು. ಇದು ಯುದ್ಧಗಳನ್ನೇ ಕೊನೆಗಾಣಿಸೋ ಯುದ್ಧ ಅಂತ ಪುಸ್ತಕ ಬರೆದರು.

ಆ ಯುದ್ಧ ನಮ್ಮೂರಿಗೂ ಬಂತು. ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಜೋಧ್‌ಪುರದವರ ಜೊತೆ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಊರನ್ನ ಗೆದ್ದರು. ಬೆಂಗಳೂರಿನ ಜೆ. ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಬಸ್ಸಲ್ಲಿ ಎಷ್ಟು ಸಲ ಆ ಕಡೆ ಹೋಗಿದೀರೋ!

ಒಂದು ಬೊಂಬೆ ಕೈಯಲ್ಲಿ ಹಿಡಿದಾಗ ನಂಗೆ ಈ ವೆಲ್ಸ್ ನೆನಪಾಗ್ತಾರೆ. ಆಟ ಬೇರೆ, ಯುದ್ಧ ಬೇರೆ ಅಂತ ಅಷ್ಟು ಚೆನ್ನಾಗಿ ಗೊತ್ತಿದ್ದವರೂ ಜಾರಿದರು.

ಭಾಗ 5/9
ಫೋಟೋ: ಲೆಕ್ಕದ ಪುಸ್ತಕ. ಬಜೆಟ್ ನೋಡಿ ನಗಬೇಡಿ.

ಈಗ ಪ್ರಾಕ್ಟಿಕಲ್ ವಿಷಯ. ಸೈನ್ಯ ಆರಿಸೋದು ಹೇಗೆ?

ಎರಡನೇ ಮಹಾಯುದ್ಧದ ನಂತರ ಈ ಹವ್ಯಾಸ ನಿಜವಾಗಿ ಬೆಳೀತು. 1957ರಲ್ಲಿ ಕ್ಯಾಲಿಫೋರ್ನಿಯಾದ ಜ್ಯಾಕ್ ಸ್ಕ್ರೂಬಿ ಈ ಆಟಕ್ಕಂತಲೇ ಒಂದು ಪತ್ರಿಕೆ ಶುರು ಮಾಡಿದರು. ಏರ್‌ಫಿಕ್ಸ್ ಕಂಪನಿಯ ಅಗ್ಗದ ಪ್ಲಾಸ್ಟಿಕ್ ಸೈನಿಕರು ಬಂದರು. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ 'ವಾರ್ ಗೇಮ್ಸ್' ಪುಸ್ತಕ ಬರೆದರು. ವೃತ್ತಿಯಲ್ಲಿ ಅವರು ಫಿಸಿಯೋಥೆರಪಿಸ್ಟ್, ಸೌತಾಂಪ್ಟನ್ ಫುಟ್‌ಬಾಲ್ ತಂಡದ ಕಾಲು ನೋವು ನೋಡ್ತಿದ್ದವರು! 1983ರಲ್ಲಿ ವಾರ್‌ಹ್ಯಾಮರ್, 1987ರಲ್ಲಿ ಅದರ ಬಾಹ್ಯಾಕಾಶದ ರೂಪ ಬಂತು. ನನ್ನ ಶೂ ಡಬ್ಬದ ಹನ್ನೊಂದು ಜನ ಆ ಕೊನೇ ಗುಂಪಿನವರು.

ಸೈನ್ಯ ಆರಿಸೋರಲ್ಲಿ ನಾಲ್ಕು ಥರ ಇದಾರೆ ಅಂತ ನಂಗನ್ಸುತ್ತೆ.
1. ಚಂದ ನೋಡೋರು. ಯಾವ ಸಮವಸ್ತ್ರಕ್ಕೆ ಬಣ್ಣ ಹಚ್ಚೋಕೆ ಖುಷಿಯೋ ಅದು.
2. ಗೆಲುವು ನೋಡೋರು. ಈ ವರ್ಷದ ನಿಯಮದಲ್ಲಿ ಯಾರಿಗೆ ಬಲ ಜಾಸ್ತಿಯೋ ಅದು. ನಿಯಮ ಬದಲಾದರೆ ಇವರ ಸೈನ್ಯ ಅಟ್ಟ ಸೇರುತ್ತೆ.
3. ಕಥೆ ನೋಡೋರು. ಒಂದು ಪುಸ್ತಕ ಓದಿ ಆ ಪಾತ್ರದ ಹಿಂದೆ ಬೀಳೋರು.
4. ನಮ್ಮವರು ಅನ್ನೋರು. ನಮ್ಮ ಊರು, ನಮ್ಮ ಜನ, ನಮ್ಮ ಸೈನ್ಯ.

ಅಳತೆನೂ ಮುಖ್ಯ. 28 ಮಿಲಿಮೀಟರ್ ಬೊಂಬೆಯಲ್ಲಿ ಮೀಸೆಗೂ ಬಣ್ಣ ಹಚ್ಚಬಹುದು, ಆದರೆ ದುಬಾರಿ, ಜಾಗನೂ ಬೇಕು. 15 ಮಿಲಿಮೀಟರ್ ನಮ್ಮಂಥ ಮನೆಯ ಮೇಜಿಗೆ ಸರಿ. 6 ಮಿಲಿಮೀಟರ್ ಆದ್ರೆ ದೂರದಿಂದ ನಿಜವಾದ ಸೈನ್ಯದ ಹಾಗೇ ಕಾಣುತ್ತೆ, ಮುಖ ಮಾತ್ರ ಕಾಣಲ್ಲ. ನನ್ನ ದುಡ್ಡಿಗೆ ಯಾವುದೂ ಆಗಲ್ಲ. ಅದಕ್ಕೇ ಡ್ರಾಯಿಂಗ್ ಶೀಟಲ್ಲಿ ಬರೆದು, ಕತ್ತರಿಸಿ, ರಟ್ಟಿಗೆ ಅಂಟಿಸೋ ಕಾಗದದ ಸೈನಿಕರು ಅಂತ ತೀರ್ಮಾನ ಮಾಡಿದೀನಿ. ಒಂದು ಶೀಟಿಗೆ ಒಂದು ತುಕಡಿ. ಖರ್ಚು ಕತ್ತರಿ, ಅಂಟು, ತಾಳ್ಮೆ.

ಐತಿಹಾಸಿಕ ಆಟ ಆಡೋ ಹಳಬರು ಇನ್ನೊಂದು ಮಾತು ಹೇಳ್ತಾರೆ: ಎರಡೂ ಪಕ್ಷ ನೀನೇ ಮಾಡು. ಯಾಕಂದ್ರೆ ನಿನ್ನ ಕಾಲದ, ನಿನ್ನ ಅಳತೆಯ ಎದುರಾಳಿ ಪಕ್ಕದ ಬೀದಿಯಲ್ಲಿ ಸಿಗಲ್ಲ. ಈ ಸಲಹೆ ಉಳಿತಾಯದ್ದು ಅಂದ್ಕೊಂಡಿದ್ದೆ. ಆಮೇಲೆ ಅರ್ಥ ಬೇರೆಯಾಯ್ತು.

ನಾನು ನಾಲ್ಕನೇ ಥರದವಳು. ಹಾಗಂತ ಆಗ ಅಂದ್ಕೊಂಡಿದ್ದೆ. ಬಸ್ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದೆ.

ಭಾಗ 6/9
ಫೋಟೋ: ದರಿಯಾ ದೌಲತ್ ಬಾಗ್, ಹೊರಗಿನಿಂದ.

ಮರದ ಕಂಬ, ಹಸಿರು ತೋಟ, 1784ರ ಅರಮನೆ. ಪಶ್ಚಿಮದ ಗೋಡೆ ತುಂಬಾ ಒಂದು ಯುದ್ಧ. ಅದು ಪೊಳ್ಳಿಲೂರು ಕದನ, 1780ರ ಸೆಪ್ಟೆಂಬರ್ 10. ಎರಡನೇ ಭಾಗದಲ್ಲಿ ಇಸವಿ ನೆನಪಿಟ್ಕೊಳ್ಳಿ ಅಂದಿದ್ನಲ್ಲ, ಇದೇ.

ಕಥೆ ಚಿಕ್ಕದಾಗಿ ಹೇಳ್ತೀನಿ. ಹೈದರ್ ಅಲಿ ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿದ್ದ. ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವಿಲಿಯಂ ಬೇಲಿ ಉತ್ತರದಿಂದ ಬರ್ತಿದ್ದ. ಜನರಲ್ ಹೆಕ್ಟರ್ ಮನ್ರೋ ಕಾಂಚೀಪುರದಲ್ಲಿದ್ದ. ಇಬ್ಬರೂ ಸೇರಬೇಕಿತ್ತು. ಟಿಪ್ಪು ದಾರಿಯಲ್ಲೇ ಬೇಲಿಯನ್ನ ತಡೆದ. ಮನ್ರೋ ತಾನು ಹೋಗದೆ ಒಂದು ತುಕಡಿ ಮಾತ್ರ ಕಳಿಸಿದ. ಆಮೇಲೆ ಹೈದರನ ದೊಡ್ಡ ಸೈನ್ಯನೂ ಬಂದು ಸೇರಿತು. ಬೇಲಿಯ ನಾಲ್ಕು ಸಾವಿರದೊಳಗಿನ ಸೈನಿಕರು ಸುತ್ತುವರಿಯಲ್ಪಟ್ಟರು. ಅವರ ಮದ್ದುಗುಂಡಿನ ಬಂಡಿಗಳು ಸ್ಫೋಟಗೊಂಡವು. ಕುದುರೆ ಸವಾರರು ಮೇಲೆ ಬಿದ್ದರು. ಬೇಲಿ ಸೆರೆಯಾದ. ಮನ್ರೋ ತನ್ನ ಭಾರಿ ತೋಪುಗಳನ್ನ ಕಾಂಚೀಪುರದ ಕೆರೆಗೆ ತಳ್ಳಿ ಮದ್ರಾಸಿನ ಕಡೆ ಹಿಂತಿರುಗಿದ.

ಗೋಡೆ ಮೇಲೆ ಇದೆಲ್ಲ ಇದೆ. ನಡುವೆ ಚೌಕಾಕಾರದಲ್ಲಿ ನಿಂತ ಕೆಂಪು ಕೋಟಿನವರು. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚೋ ಬೇಲಿ. ಸಿಡಿಯುತ್ತಿರೋ ಬಂಡಿ. ದೂರದರ್ಶಕ ಹಿಡಿದ ಫ್ರೆಂಚ್ ಅಧಿಕಾರಿ ಲಾಲಿ. ಆನೆ ಮೇಲೆ ಹೈದರ್, ಟಿಪ್ಪು, ಅಷ್ಟು ಗದ್ದಲದಲ್ಲೂ ಮುಖದಲ್ಲಿ ಒಂದು ಗೆರೆ ಅಲುಗಿಲ್ಲ. ಸಾಲು ಸಾಲು ಸೈನಿಕರು, ಎಲ್ಲರೂ ಒಂದೇ ಅಳತೆ, ಒಂದೇ ಮೀಸೆ. ನೋಡಿದ ತಕ್ಷಣ ನಂಗನ್ಸಿದ್ದು: ಇದು ಗೋಡೆ ಮೇಲಿನ ವಾರ್‌ಗೇಮ್! ಯಾರೋ ಅಷ್ಟು ಜನಕ್ಕೂ ಕೂತು ಬಣ್ಣ ಹಚ್ಚಿದಾರೆ.

ಇಷ್ಟರಲ್ಲಿ ಬೇಲಿ ಅಲ್ಲೇ ಶ್ರೀರಂಗಪಟ್ಟಣದ ಸೆರೆಯಲ್ಲಿ 1782ರಲ್ಲಿ ಸತ್ತ. ಗುಂಬಜ್ ಹತ್ತಿರ ಅವನ ಸ್ಮಾರಕ ಇದೆ. ಹೈದರ್, ಟಿಪ್ಪು ಮಲಗಿರೋದು ಗುಂಬಜ್ ಒಳಗೆ. ಗೋಡೆ ಮೇಲೆ ಎದುರಾಳಿಗಳು, ನೆಲದಲ್ಲಿ ಅಕ್ಕಪಕ್ಕದ ಮನೆಯವರು.

ವಾಪಸ್ ಬರೋ ಬಸ್ಸಲ್ಲೇ ನಿರ್ಧಾರ ಮಾಡಿದೆ. ನನ್ನ ಸೈನ್ಯ ಮೈಸೂರು, 1780. ಹುಲಿ ಪಟ್ಟೆಯ ಬಟ್ಟೆ, ರಾಕೆಟ್, ಫುಲ್ ಮಾಸ್. ಸ್ಟೋರಿನೂ ಹಾಕಿದ್ದೆ, ನೀವು ನೋಡಿರಬಹುದು.

ಭಾಗ 7/9
ಫೋಟೋ: ಕ್ಲಾಸಿನ ಬೆಂಚು, ಎರಡು ಟಿಫನ್ ಬಾಕ್ಸ್.

ಆ ಸ್ಟೋರಿಗೆ ನಲವತ್ತು ಬೆಂಕಿ ಎಮೋಜಿ ಬಂದವು. ನನ್ನ ಬೆಂಚ್‌ಮೇಟ್ ಏನೂ ಹಾಕಲಿಲ್ಲ. ಮರುದಿನ ಊಟದ ಹೊತ್ತಲ್ಲಿ ಕೇಳಿದೆ.

"ಯಾಕೆ, ಇಷ್ಟ ಆಗ್ಲಿಲ್ವಾ?"
"ಚಿತ್ರ ಚೆನ್ನಾಗಿದೆ. ಆದ್ರೆ ನಾನು ಆ ಸೈನ್ಯ ಹಿಡಿದು ಆಡಲ್ಲ ಮಾರಾಯ್ತಿ. ನಮ್ಮನೇಲಿ ಆ ಕಾಲದ್ದು ಬೇರೆ ಕಥೆ ಹೇಳ್ತಾರೆ."

ಅವಳು ಮಂಗಳೂರಿನ ಕ್ಯಾಥೊಲಿಕ್ ಮನೆಯವಳು. (ಅವಳನ್ನ ಕೇಳಿಯೇ ಇದನ್ನ ಬರೀತಿದೀನಿ.) 1784ರಲ್ಲಿ ಟಿಪ್ಪು ಆಜ್ಞೆಯಂತೆ ಕೆನರಾ ಕರಾವಳಿಯ ಕ್ಯಾಥೊಲಿಕರನ್ನ ಸೆರೆಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿದರು. ಇಗರ್ಜಿಗಳನ್ನ ಕೆಡವಿದರು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. ಉಳಿದವರು ಊರಿಗೆ ಮರಳಿದ್ದು 1799ರ ನಂತರ. ಕೊಡಗಿನಿಂದಲೂ ಜನರನ್ನ ಹೀಗೇ ಹಿಡಿದು ಒಯ್ದರು. ಎಷ್ಟು ಜನ ಅನ್ನೋದರ ಬಗ್ಗೆ ಇತಿಹಾಸಕಾರರ ನಡುವೆ ಜಗಳ ಇದೆ. ನಡೆಯಿತು ಅನ್ನೋದರ ಬಗ್ಗೆ ಇಲ್ಲ.

ಅದೇ ಟಿಪ್ಪು 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿ ಮಠವನ್ನ ಲೂಟಿ ಮಾಡಿದಾಗ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದ, ಮತ್ತೆ ಪ್ರತಿಷ್ಠೆ ಮಾಡೋಕೆ ನೆರವು ಕೊಟ್ಟ. ಇದೂ ನಿಜ. ಒಂದು ನಿಜ ಹೇಳಿ ಇನ್ನೊಂದನ್ನ ಅಳಿಸೋಕೆ ಆಗಲ್ಲ. ಕಾಮೆಂಟಲ್ಲಿ ಯುದ್ಧ ಮಾಡೋಕೆ ಬಂದವರು ದಯವಿಟ್ಟು ಈ ಪ್ಯಾರಾ ಎರಡು ಸಲ ಓದಿ.

"ಹಾಗಾದ್ರೆ ನೀನು ಕಂಪನಿ ಕಡೆ ಆಡು" ಅಂದೆ. ದಡ್ಡ ಮಾತು. ಅವಳು ನಕ್ಕಳು. "ಅವರು ನಮ್ಮೋರಾ?"

ರಾತ್ರಿ ಕೂತು ಪೊಳ್ಳಿಲೂರಿನ ಲೆಕ್ಕ ತೆಗೆದೆ. ಬೇಲಿಯ ಸೈನ್ಯದಲ್ಲಿ ಯುರೋಪಿನವರು ಕೆಲವು ನೂರು ಮಾತ್ರ. ಉಳಿದವರೆಲ್ಲ ಸಿಪಾಯಿಗಳು. ಮದ್ರಾಸ್ ಸೈನ್ಯಕ್ಕೆ ಸೇರ್ತಿದ್ದಿದ್ದು ತಮಿಳು, ತೆಲುಗು ಸೀಮೆಯ ಹಳ್ಳಿಗಳ ಹುಡುಗರು. ಸಂಬಳಕ್ಕೆ, ಬಟ್ಟೆಗೆ, ಅಕ್ಕಿಗೆ ಬಂದವರು. ಮೈಸೂರು ಪಕ್ಷದಲ್ಲಿ ಫ್ರೆಂಚರಿದ್ದರು. ಹತ್ತು ವರ್ಷದ ನಂತರ ನಡೆದ ಯುದ್ಧದಲ್ಲಿ ಮರಾಠರೂ ನಿಜಾಮನೂ ಕಂಪನಿಯ ಜೊತೆ ನಿಂತರು. "ನಮ್ಮವರು" ಅಂತ ಗೆರೆ ಎಳೆಯೋಕೆ ಹೋದರೆ ಆ ಗೆರೆ ನನ್ನ ಬೆಂಚಿನ ಮಧ್ಯದಲ್ಲೇ ಹೋಗುತ್ತೆ.

ನಾಲ್ಕನೇ ಥರದವಳಾಗಿ ಸೈನ್ಯ ಆರಿಸಿದ್ದು ಎಷ್ಟು ಸುಲಭ ಆಗಿತ್ತು! ಗೋಡೆ ಯಾರು ಬರೆಸಿದರೋ ಅವರ ಕಣ್ಣಿಂದ ಮಾತ್ರ ನೋಡಿದ್ದೆ, ಅಷ್ಟೇ.

ಭಾಗ 8/9
ಫೋಟೋ: ಕಾಗದದ ಎತ್ತುಗಳು. ಕೊಂಬು ಬರೆಯೋದೇ ಕಷ್ಟ.

ಸೈನ್ಯದಲ್ಲಿ ಯಾರ್ಯಾರು ಇರ್ತಾರೆ? ನಮ್ಮ ಆಟದ ಪಟ್ಟಿಯಲ್ಲಿ ಕಾಲಾಳು, ಕುದುರೆ, ತೋಪು. ನಿಜದಲ್ಲಿ ಅರ್ಧ ಸೈನ್ಯ ಅಂದ್ರೆ ಎತ್ತು.

ಮೈಸೂರಿನ ವೇಗದ ಗುಟ್ಟು ಅದೇ. ಒಡೆಯರ ಕಾಲದಿಂದ ಬಂದ 'ಬೆಣ್ಣೆ ಚಾವಡಿ'ಯ ದನಗಳನ್ನ ಹೈದರ್ ಸೈನ್ಯಕ್ಕೆ ಹಚ್ಚಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಚುರುಕು, ಗಟ್ಟಿಮುಟ್ಟು, ದಣಿವು ಕಡಿಮೆ. ಎದುರಾಳಿಯ ತೋಪು ಕೆಸರಲ್ಲಿ ಹೂತಿರುವಾಗ ಮೈಸೂರಿನ ತೋಪು ಮುಂದಿನ ಊರು ಸೇರಿರ್ತಿತ್ತು.

ಎತ್ತು ಇಲ್ಲದಿದ್ರೆ ಏನಾಗುತ್ತೆ? 1791ರ ಮೇ ತಿಂಗಳು ನೋಡಿ. ಬೆಂಗಳೂರು ಗೆದ್ದ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದ. ಅರಕೆರೆಯ ಹತ್ತಿರ ಕದನದಲ್ಲೂ ಗೆದ್ದ. ಆದರೆ ಮಳೆ ಹಿಡೀತು, ದವಸ ಮುಗೀತು, ಎತ್ತುಗಳು ಸತ್ತವು. ಕೋಟೆ ಒಡೆಯೋಕೆ ತಂದ ತೋಪುಗಳನ್ನ ತಾನೇ ಹಾಳುಮಾಡಿ ಹಿಂದೆ ಹೋದ. ಗೆದ್ದವನೇ ವಾಪಸ್ ನಡೆದ! ಮತ್ತೆ ಬಂದಿದ್ದು 1792ರ ಆರಂಭದಲ್ಲಿ.

ಇನ್ನು ರಾಕೆಟ್. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರಿಗೆ ಕಟ್ಟಿ ಹಾರಿಸ್ತಿದ್ದರು. ಕಾಗದದ ಕೊಳವೆಗಿಂತ ಕಬ್ಬಿಣ ಒತ್ತಡ ತಡೆಯುತ್ತೆ, ಅದಕ್ಕೇ ದೂರ ಹೋಗ್ತಿತ್ತು. 1799ರ ನಂತರ ಇಂಥವು ಇಂಗ್ಲೆಂಡ್ ಸೇರಿ, ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಪಾಳು ಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿದ್ದು ನಿಮಗೆ ನೆನಪಿರಬಹುದು.

ಆಟದಲ್ಲಿ ಇದನ್ನೆಲ್ಲ ತರೋದು ಹೇಗೆ? ನಾನು ಆರಿಸಿದ ನಿಯಮ 'ಬ್ಲ್ಯಾಕ್ ಪೌಡರ್', 1700ರಿಂದ 1900ರವರೆಗಿನ ಯುದ್ಧಗಳಿಗೆ ಬರೆದದ್ದು. ಅದರಲ್ಲಿ ನೀವು ಆಜ್ಞೆಯನ್ನ ಬಾಯಿಬಿಟ್ಟು ಹೇಳಬೇಕು, ಆಮೇಲೆ ಎರಡು ದಾಳ ಉರುಳಿಸಬೇಕು. ಸೇನಾಪತಿಯ ಅಂಕಕ್ಕಿಂತ ಹೆಚ್ಚು ಬಂದರೆ ತುಕಡಿ ಕದಲಲ್ಲ. ಒಬ್ಬಳೇ ಪ್ರಾಕ್ಟೀಸ್ ಮಾಡಿದಾಗ ಮೂರು ಸರದಿ ಸತತವಾಗಿ ಮನ್ರೋ ಕದಲಲಿಲ್ಲ. ಮೊದಲು ನಕ್ಕೆ. ನಾಲ್ಕನೇ ಸಲ ನಗು ಬರಲಿಲ್ಲ. ಮೇಜಿನ ಆ ತುದಿಯಲ್ಲಿ ಮನ್ರೋ, ಈ ತುದಿಯಲ್ಲಿ ಸುತ್ತುವರಿದ ಸಿಪಾಯಿಗಳು, ನಡುವೆ ಒಂದೂವರೆ ಮೊಳ. ಅವರಿಗೆ ತೋಪಿನ ಸದ್ದು ಕೇಳಿಸಿರುತ್ತೆ ಅಲ್ವಾ?

ಪಠ್ಯಪುಸ್ತಕದಲ್ಲಿ "ಮನ್ರೋ ಸಹಾಯಕ್ಕೆ ಬರಲಿಲ್ಲ" ಅಂತ ನಾನು ಎಷ್ಟು ಸಲ ಅಂಡರ್‌ಲೈನ್ ಮಾಡಿದ್ದೆನೋ. ಅದರ ಅರ್ಥ ಗೊತ್ತಾಗಿದ್ದು ಆ ದಾಳದಿಂದ.

ಭಾಗ 9/9
ಫೋಟೋ: ಪೂರ್ತಿ ಮೇಜು. ಕೊನೆಗೂ.

ಅರ್ಧ ತಯಾರಾದ ಸೈನ್ಯವನ್ನ ಅಜ್ಜಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ಒಂದೊಂದನ್ನೂ ನೋಡಿದರು. ಆಮೇಲೆ ಬೊಂಬೆ ಕೂರಿಸೋರು ಕೇಳೋ ಪ್ರಶ್ನೆನೇ ಕೇಳಿದರು.

"ಎಲ್ಲಾ ಸರಿ ಮಗಾ, ಸತ್ತೋರನ್ನ ಎಲ್ಲಿಡ್ತೀಯ?"

ಅವರ ಬೊಂಬೆಗಳಲ್ಲಿ ಎಲ್ಲಕ್ಕೂ ಒಂದು ಮೆಟ್ಟಿಲಿದೆ. ಪಟ್ಟದ ಬೊಂಬೆಗೆ ಮೇಲಿನದು, ಶೆಟ್ಟರ ಅಂಗಡಿಗೆ ಕೆಳಗಿನದು. ನಮ್ಮ ಆಟದಲ್ಲಿ ಸತ್ತೋರು ಸೀದಾ ಡಬ್ಬಕ್ಕೆ ಹೋಗ್ತಾರೆ. ಮೇಜು ಕ್ಲೀನ್. ಉತ್ತರ ಹೊಳೀಲಿಲ್ಲ.

ಅವತ್ತು ರಾತ್ರಿ ಇನ್ನೊಬ್ಬರ ನೆನಪಾಯ್ತು. ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಐದು ವರ್ಷದ ಮಗುವಾಗಿ ಪಟ್ಟಕ್ಕೆ ಬಂದವರು. 1831ರಲ್ಲಿ ಬ್ರಿಟಿಷರು ಆಡಳಿತವನ್ನೂ ತಗೊಂಡರು. ಆಳೋಕೆ ರಾಜ್ಯ ಇಲ್ಲದ ರಾಜ ಆಟಗಳ ಕಡೆ ತಿರುಗಿದರು. ಗಂಜೀಫ ಎಲೆಗಳಲ್ಲಿ ಹೊಸ ಆಟ ಕಟ್ಟಿದರು. ಚದುರಂಗದ ಕುದುರೆ ಅರವತ್ನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರೋ ದಾರಿಗಳನ್ನ ಬಿಡಿಸಿದರು. ಅದೇ ಶತಮಾನದಲ್ಲಿ ಪ್ರಷ್ಯಾದವರು ಆಟ ಆಡಿ ಯುದ್ಧ ಕಲೀತಿದ್ದರು. ಇಲ್ಲಿ ಯುದ್ಧ ಮುಗಿದ ಊರಲ್ಲಿ ಒಬ್ಬರು ಯಾರನ್ನೂ ಕೊಲ್ಲದೆ ಎಲ್ಲ ಮನೆಗೂ ಹೋಗಿಬರೋ ಕುದುರೆಯ ದಾರಿ ಹುಡುಕ್ತಿದ್ದರು.

ನಾನೇನು ಮಾಡಿದೆ ಅಂದ್ರೆ:
ಮೈಸೂರು ಸೈನ್ಯ ಬಿಟ್ಟಿಲ್ಲ. ಆದರೆ ಅದರ ಜೊತೆ ಬೇಲಿಯ ಸೈನ್ಯನೂ ನಾನೇ ಬರೆದೆ. ಮೊದಲು ಮುಗಿಸಿದ್ದು ಮದ್ರಾಸ್ ಸಿಪಾಯಿಗಳನ್ನ. ಎಲ್ಲರಿಗೂ ಒಂದೇ ಮೀಸೆ ಹಾಕಲಿಲ್ಲ, ಅದಕ್ಕೆ ಎರಡು ವಾರ ಜಾಸ್ತಿ ಹಿಡೀತು. ಆಮೇಲೆ ಎತ್ತು, ಬಂಡಿ, ಬಂಡಿ ಹೊಡೆಯೋರು, ನೀರು ಹೊರೋರು. ಇವರಿಗೆ ನಿಯಮದಲ್ಲಿ ಅಂಕ ಇಲ್ಲ, ನನ್ನ ಮೇಜಲ್ಲಿ ಜಾಗ ಇದೆ. ಸತ್ತವರು ಡಬ್ಬಕ್ಕೆ ಹೋಗಲ್ಲ. ಆಟ ಮುಗಿಯೋವರೆಗೂ ಬಿದ್ದಲ್ಲೇ ಮಲಗಿರ್ತಾರೆ, ಅವರನ್ನ ಸುತ್ತಿಕೊಂಡೇ ಮುಂದಿನ ತುಕಡಿ ನಡೀಬೇಕು. ಅಜ್ಜಿಗೆ ಈ ಉತ್ತರ ಹೇಳಿದೆ. "ಹ್ಞೂಂ" ಅಂದರು. ಅವರ "ಹ್ಞೂಂ" ಸಿಗೋದು ಸುಲಭ ಅಲ್ಲ.

ಮತ್ತೆ ಬೆಂಚ್‌ಮೇಟ್? ಅವಳ ಹತ್ರ ಎರಡು ಪಕ್ಷದ ಪಟ್ಟಿ ತಗೊಂಡು ಹೋದೆ. ಎರಡನ್ನೂ ಓದಿ ವಾಪಸ್ ಕೊಟ್ಟಳು.

"ನಂಗೆ ಎರಡೂ ಬೇಡ. ಆ ಅಪ್ಪ ಮಗನ ಆಟದಲ್ಲಿ ಮೂರನೆಯವನು ಒಬ್ಬ ಇರ್ತಾನೆ ಅಂದಿದ್ಯಲ್ಲ, ಎಲ್ಲ ಗೊತ್ತಿರೋನು?"
"ತೀರ್ಪುಗಾರ."
"ಅದು ನಾನು."

ಈ ಭಾನುವಾರ ಮೂರು ಗಂಟೆಗೆ, ನಮ್ಮನೆ ಊಟದ ಮೇಜಲ್ಲಿ ಮೊದಲ ಆಟ. ಅಣ್ಣ ಮೈಸೂರು, ನಾನು ಬೇಲಿ. ಸೋಲ್ತೀನಿ ಅಂತ ಗೊತ್ತು. ಆದ್ರೆ ಮನ್ರೋ ದಾಳ ನನ್ನ ಕೈಯಲ್ಲಿದೆ, ನೋಡೋಣ. ಕ್ಲಾಸಿನೋರು ಯಾರು ಬೇಕಾದ್ರೂ ಬನ್ನಿ. ಟೈಲರ್ ಟೇಪು ಒಂದು ಜಾಸ್ತಿ ಇದ್ರೆ ತನ್ನಿ. ಅಜ್ಜಿ ಚುರುಮುರಿ ಮಾಡ್ತಾರಂತೆ.

ದೂರದೋರಿಗೆ ಪ್ರಶ್ನೆ: ನೀವು ಆಗಿದ್ರೆ ಯಾವ ಸೈನ್ಯ ಆರಿಸ್ತಿದ್ರಿ? ಹೆಸರು ಮಾತ್ರ ಬರೀಬೇಡಿ, ಆ ಸೈನ್ಯದ ಎದುರು ನಿಂತಿದ್ದೋರು ಯಾರು ಅಂತಲೂ ಬರೀರಿ.

#ಮೇಜಿನಸೈನ್ಯ #ಪೊಳ್ಳಿಲೂರು1780 #ಚತುರಂಗ #ಬೊಂಬೆಹಬ್ಬ #ಇತಿಹಾಸದಹುಚ್ಚು #ಕನ್ನಡದಲ್ಲೇ